ಹಡಗಿನ ಹಗ್ಗಕ್ಕೊಬ್ಬ ಭಾವಮೈದ

ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ, ಕೊಚ್ಚಿಯಿಂದ ಮೊಮ್ಮಗಳು ಬಿಂದುವಿನ ಫೋನ್ ಬಂತು. ಹಾಯಿಹಡಗಿನ ಟ್ರೈನಿಂಗಿಗೆ ಸೇರಿದ್ದಾಳೆ, ನಿಮಗೆಲ್ಲ ಗೊತ್ತಲ್ಲ.

"ಅಜ್ಜಾ, ನಾಳೆ ಹಗ್ಗದ ಪರೀಕ್ಷೆ. ಯಾವ್ದು ಎಂತಕ್ಕೆ ಅಂತ ಹೇಳದಿದ್ರೆ ಹಡಗು ಹತ್ತಿಸಲ್ಲ. ನಂಗೆ ಎಲ್ಲ ಒಂದೇ ಥರ ಕಾಣ್ತದೆ!"

ನಮ್ಮ ತೋಲ್ಪೆಟ್ಟಿ ಕಾಡಲ್ಲಿ ಹಗ್ಗ ಕಟ್ಟಿ ಇಳಿದು ಜೇನು ಕಿತ್ತವರ ಮೊಮ್ಮಗಳು ಹಗ್ಗಕ್ಕೆ ಹೆದರುವುದಾ?

"ಹೆಸರು ಇರ್ಲಿ ಮೋಳೇ. ಯಾವ್ದು ಎಂತ ಕೆಲ್ಸ ಮಾಡ್ತದೆ, ಅದನ್ನ ಹೇಳು" ಎಂದೆ.

ಹೇಳಿದಳು. ಶ್ರೌಡ್ ಹಾಯಿಕಂಬವನ್ನು ಎರಡು ಪಕ್ಕದಿಂದ ಹಿಡಿಯುತ್ತದೆ, ಸ್ಟೇ ಹಿಂದುಮುಂದಿನಿಂದ. ಕಟ್ಟಿದ ಮೇಲೆ ಇವೆರಡನ್ನೂ ಬಿಚ್ಚುವಂತಿಲ್ಲ. ಹ್ಯಾಲ್ಯರ್ಡ್ ಹಾಯಿಯನ್ನು ಏರಿಸಿ ಇಳಿಸುತ್ತದೆ. ಶೀಟ್ ಹಾಯಿಯ ಕೆಳಮೂಲೆಗೆ ಕಟ್ಟಿದ ಹಗ್ಗ, ಗಾಳಿ ನೋಡಿ ಎಳೆಯಬೇಕು, ಸಡಿಲಿಸಬೇಕು.

ಅಷ್ಟೇ ತಾನೇ...

ಜೇನಿಗೆಂದು ಬಂಡೆಯಿಂದ ಇಳಿಯುವಾಗ ನಮ್ಮಲ್ಲಿ ಮೇಲೆ ಹಗ್ಗ ಕಾಯುವವನು ಇಳಿದವನ ಹೆಂಡತಿಯ ತಮ್ಮ. ಒಡಹುಟ್ಟಿದವನನ್ನೂ ನಿಲ್ಲಿಸುವುದಿಲ್ಲ. ಸ್ವಂತ ಅಕ್ಕ ವಿಧವೆಯಾಗಲಿ ಎಂದು ಯಾವ ತಮ್ಮ ಕೈಬಿಟ್ಟಾನು?

"ಶ್ರೌಡು, ಸ್ಟೇ ಎರಡೂ ಭಾವಮೈದ. ಅಲುಗಾಡೋ ಹಾಗಿಲ್ಲ. ಹ್ಯಾಲ್ಯರ್ಡ್ ಅಂದ್ರೆ ಜೇನಿನ ಬುಟ್ಟಿ ಏರಿಸಿ ಇಳಿಸೋನು. ಶೀಟ್ ಅಂದ್ರೆ ಜೇನುನೊಣಕ್ಕೆ ಹೊಗೆ ಹಿಡಿಯೋನು, ಗಾಳಿ ತಿರುಗಿದ್ರೆ ಮೊದಲು ಅವನ ಕೈ ತಿರುಗ್ಬೇಕು. ಶರಿಯಾ?"

ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ನನ್ನ ಭಾವಮೈದ ಮಾರ ಸುಮ್ಮನಿರುತ್ತಾನಾ? "ಹಡಗು ಎಂತ ಭಾರ ಮೋಳೇ! ನಿನ್ನ ಅಜ್ಜನ್ನೇ ಹಿಡಿದ ಕೈ ಇದು!"

ಮರುದಿನ ಪರೀಕ್ಷೆಯಲ್ಲಿ ಮೇಷ್ಟ್ರು ಕೇಳಿದರಂತೆ, ಇದ್ದಕ್ಕಿದ್ದಂತೆ ಗಾಳಿ ಜೋರಾದರೆ ಮೊದಲು ಯಾವುದನ್ನು ಸಡಿಲಿಸುತ್ತೀ ಎಂದು. ಥಟ್ಟನೆ ಶೀಟ್ ಎಂದಳಂತೆ.

ಸ್ಟೇ ಯಾಕಲ್ಲ ಎಂದು ಕೆಣಕಿದ್ದಕ್ಕೆ, "ಅಯ್ಯೋ ಸರ್, ಭಾವಮೈದನ್ನ ಬಿಚ್ಚೋದುಂಟಾ!"

ಇಡೀ ಕ್ಲಾಸು ಅವಳ ಮುಖ ನೋಡಿತಂತೆ. ಮೇಷ್ಟ್ರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತಂತೆ. ಆದರೂ ಪಾಸ್!

ಈ ವಾರ ಹಾಯಿಕಂಬ ಹತ್ತುತ್ತಾಳೆ. ಊರಿಡೀ ಹೇಳಿಕೊಂಡು ಬಂದಿದ್ದೇನೆ.

ಮಾರ ಮಾತ್ರ ನಿನ್ನೆಯಿಂದ ಏನೋ ಯೋಚನೆಯಲ್ಲಿದ್ದ. ಈಗ ಬಾಯಿಬಿಟ್ಟ: "ಅಲ್ಲ ಭಾವ, ಗಂಡು ಹೋದ್ರೆ ಹೆಂಡ್ತಿ ತಮ್ಮ ಕಾಯ್ತಾನೆ. ಹೆಣ್ಣು ಹತ್ತಿದ್ರೆ ಯಾರು ನಿಲ್ಲೋದು?"

ಹಿರಿಯರು ಇದಕ್ಕೊಂದು ಕಟ್ಟಳೆ ಮಾಡಿಟ್ಟಿಲ್ಲ, ನಮ್ಮಲ್ಲಿ ಹೆಣ್ಣುಮಗಳು ಹಗ್ಗ ಹಿಡಿದದ್ದು ಇದೇ ಮೊದಲು. ಇನ್ನು ನಾವೇ ಮಾಡಬೇಕು... ಹೇಳಿ, ಯಾರನ್ನು ನಿಲ್ಲಿಸೋಣ?