ಬೋಳು ಬಂಡೆಯ ಪರವಾಗಿ

ಮೂಡಲಪಾಳ್ಯದ ನಮ್ಮ ಬೀದಿಯ ಕೊನೆಯಲ್ಲಿ ಒಂದು ಬಂಡೆಯಿದೆ. ಸೈಟು ಮಾಡಲಾಗದ್ದರಿಂದ ಉಳಿದುಕೊಂಡಿದೆ. ಯಾರ ಪರಿಸರಪ್ರೇಮವೂ ಅದಕ್ಕೆ ಕಾರಣವಲ್ಲ. ಕಳೆದ ಬೇಸಿಗೆಯಲ್ಲಿ ಬಡಾವಣೆಯ ಸಂಘಕ್ಕೆ ಇದ್ದಕ್ಕಿದ್ದಂತೆ ಆ ಪ್ರೇಮ ಉಕ್ಕಿತು. ಬಂಡೆ ಬೋಳಾಗಿದೆ, ನಾಲ್ಕು ಲಾರಿ ಕೆಮ್ಮಣ್ಣು ಸುರಿದು ಹುಲ್ಲುಹಾಸು ಬೆಳೆಸೋಣ ಎಂದರು. ಹಸಿರಿನ ಹೆಸರಿನಲ್ಲಿ ಗಿಡಗಳನ್ನು ಹೂಳುವ ಈ ಶುಭಕಾರ್ಯಕ್ಕೆ ಭಾನುವಾರ ಬೆಳಿಗ್ಗೆ ಬಂಡೆಯ ಮೇಲೆಯೇ ಸಭೆ ಸೇರಿತು.

ಗಿಡಗಳು ಎಂದೆನಲ್ಲ, ಶಾಲೆಗೆ ಹೋಗುವಾಗಿನಿಂದ ಅವನ್ನು ನೋಡುತ್ತಿದ್ದೇನೆ. ಬಂಡೆಯ ತಗ್ಗುಗಳಲ್ಲಿ ಎರಡು ಬೆರಳಿನಷ್ಟು ಮಣ್ಣಿದೆ. ಮಳೆ ಬಿದ್ದರೆ ಅಲ್ಲಿ ಪಾಚಿ, ಕೂದಲೆಳೆಯಂಥ ಹುಲ್ಲು, ಅಕ್ಕಿಕಾಳಿನಷ್ಟು ನೇರಳೆ ಹೂವು, ಎಲೆಯ ಅಂಟಿನಲ್ಲಿ ಸೊಳ್ಳೆ ಹಿಡಿದು ತಿನ್ನುವ ನಾಣ್ಯದಗಲದ ಕೆಂಪು ಗಿಡ. ಮಣ್ಣು ಕಡಿಮೆ ಇರುವುದರಿಂದಲೇ ಅವು ಅಲ್ಲಿವೆ. ಹೆಚ್ಚಾದರೆ ದೊಡ್ಡ ಹುಲ್ಲು ಬಂದು ಅವನ್ನು ಮುಗಿಸುತ್ತದೆ. ಆದರೆ ಬೇಸಿಗೆಯಲ್ಲಿ ಎಲ್ಲವೂ ಕಪ್ಪು ಹೊಟ್ಟು. ನನ್ನ ಕಕ್ಷಿದಾರರು ವಿಚಾರಣೆಯ ದಿನವೇ ಸತ್ತವರಂತೆ ಬಿದ್ದಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ಕಪ್ ಗೆದ್ದವಳು ನಾನು. ಪೀಠಿಕೆ, ವಾದ, ಪ್ರತಿವಾದ ಎಲ್ಲ ಸೇರಿಸಿ ಹತ್ತು ನಿಮಿಷ ಮಾತಾಡಿದೆ. ಸಂಘದ ಕಾರ್ಯದರ್ಶಿ ಅಂಕಲ್ ಅಷ್ಟೂ ಹೊತ್ತು ಫೋನ್ ನೋಡಿದರು.

“ಚೆನ್ನಾಗಿ ಮಾತಾಡ್ತೀಯಮ್ಮ. ಗಿಡ ಎಲ್ಲಿ?”

ಸಾಕ್ಷಿ ಬೇಕು, ಅಷ್ಟೇ ತಾನೆ? ಒಣಗಿದ ಪಾಚಿಯ ಮೇಲೆ ಬಾಟಲಿಯ ನೀರು ಸುರಿದೆ. ಕೆಲವೇ ನಿಮಿಷಗಳಲ್ಲಿ ಆ ಹೊಟ್ಟು ಎಲ್ಲರ ಕಣ್ಣೆದುರೇ ಹಸಿರಾಯಿತು. ನಾಲ್ಕನೇ ಕಪ್ ಇಲ್ಲೇ ಕೊಡಬಹುದೆಂದು ನಿಂತೆ.

“ನೋಡಿದ್ರಾ ಸಾರ್? ಬರೀ ನೀರಿಗೇ ಹಿಂಗೆ! ಇನ್ನು ಮಣ್ಣೂ ಹಾಕಿದ್ರೆ?” ಎಂದು ಅಂಕಲ್ ಪಕ್ಕದವರನ್ನು ಕೇಳಿದರು. ಎಲ್ಲರೂ ತಲೆಯಾಡಿಸಿದರು. ನನ್ನ ಸಾಕ್ಷಿ ಅವರ ಕಡೆಗೆ ಹೋಗಿಬಿಟ್ಟಿತು.

ಇಷ್ಟು ಹೊತ್ತೂ ಹಿಂದೆ ನಿಂತಿದ್ದ ನಮ್ಮ ಎದುರು ಮನೆಯ ಆಂಟಿ ಸಂಡಿಗೆ ಹಿಟ್ಟಿನ ಪಾತ್ರೆ ಕೆಳಗಿಟ್ಟರು.

“ಏನ್ರೀ, ಮಣ್ಣು ಸುರಿದ್ರೆ ಸಂಡಿಗೆ ಎಲ್ಲಿ ಹಾಕೋದು? ನಿಮ್ ತಲೆ ಮೇಲಾ?”

“ಟೆರೇಸ್ ಇದ್ಯಲ್ಲಮ್ಮ...”

“ಅಲ್ಲಿ ಬರೀ ಸೋಲಾರು, ಟ್ಯಾಂಕು. ಬಂಡೆ ಕಾವಿಗೆ ಬೇಗ ಒಣಗುತ್ತೆ. ನಿಮ್ಮನೆಯವ್ರೂ ನಾಳೆ ಇಲ್ಲೇ ಹಾಕ್ತಾರೆ. ಹೋಗಿ ಕೇಳ್ಕೊಂಡು ಬನ್ನಿ.”

ಅಂಕಲ್ ಕೇಳಿಕೊಂಡು ಬರಲು ಹೋದರು. ಬರಲಿಲ್ಲ. ಲಾರಿಯೂ ಬರಲಿಲ್ಲ.

ಆಂಟಿ ಹಳೆಯ ಸೀರೆ ಬಿಡಿಸುವಾಗ ನಾನು ಓಡಿದೆ. “ಆಂಟಿ, ಆ ತಗ್ಗುಗಳ ಮೇಲೆ ಮಾತ್ರ ಹಾಸ್ಬೇಡಿ...”

“ಅಲ್ಲಿ ಯಾರೇ ಹಾಸ್ತಾರೆ? ಸೊಳ್ಳೆ ತಿನ್ನೋ ಗಿಡ ಬರೋ ಜಾಗ ಅದು. ನಾನು ಮದ್ವೆಯಾಗಿ ಬಂದಾಗ್ನಿಂದ ನೋಡ್ತಿದೀನಿ.”

“ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?”

“ನೀನು ಹೇಳಿದ್ಯಲ್ಲ. ಯಾರು ಕೇಳಿದ್ರು?” ನನ್ನ ಕೈಗೊಂದು ಕೋಲು ಕೊಟ್ಟರು. “ಕೂತ್ಕೊ, ಕಾಗೆ ಓಡ್ಸು.”

ಮಧ್ಯಾಹ್ನದವರೆಗೆ ಓಡಿಸಿದೆ. ಅಷ್ಟರಲ್ಲಿ ನಾನು ನೀರು ಹಾಕಿದ್ದ ಪಾಚಿ ಮತ್ತೆ ಕಪ್ಪಾಗಿತ್ತು.