ಮರಳುಗಾಡಿನ ಮನೆಗೆ ಸಿಗಡಿ ಚಟ್ನಿ

ಜೈಸಲ್ಮೇರ್ ದಾಟಿ ಜೀಪಿನ ದಾರಿ ಮುಗಿದಲ್ಲಿಂದ, ಮುಂಬೈಯಲ್ಲಿ ಮಗನ ಜೊತೆ ಕೆಲಸ ಮಾಡುವ ನನ್ನ ಭಾವೀ ಸೊಸೆಯ ಊರ ಮನೆಗೆ ಮರಳಿನಲ್ಲಿ ನಡೆದೇ ಹೋಗಬೇಕಿತ್ತು. ಜೊತೆಗೆ ಗೆಳೆಯರು, ಹೆಮ್ಮಾಡಿಯ ರಾಘು, ಹಂಗಾರಕಟ್ಟೆಯ ಸೀನ. ಅಲ್ಲಿನ ಊಟ ಸೇರದಿದ್ದರೆ ಎಂಬ ಹೆದರಿಕೆಗೆ ನಾನು ಬ್ಯಾಗಿನಲ್ಲಿ ಒಣ ಸಿಗಡಿ ಚಟ್ನಿಯ ಬಾಟಲಿ ಇಟ್ಟುಕೊಂಡಿದ್ದೆ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅದು, ಗೊತ್ತಿತ್ತು. ಮುಚ್ಚಳ ಸಡಿಲವಾದೀತು ಎಂಬುದು ಮಾತ್ರ, ಎಲ್ಲದಕ್ಕೂ ಹೆದರುವ ನನಗೂ ಹೊಳೆದಿರಲಿಲ್ಲ.

ಹುಡುಗಿಯ ಮನೆಯವರು ಅಂಗಳದ ಹಗ್ಗದ ಮಂಚದಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಬಿಸಿಲಿಗೆ ಕಾದ ಬ್ಯಾಗಿನಿಂದ ನಮ್ಮ ಕರಾವಳಿ ಮೆಲ್ಲಗೆ ಹೊರಬಂತು. ಅವಳ ಅಜ್ಜಿ ಮೂಗರಳಿಸಿ, ಇದೇನು ವಾಸನೆ ಎಂದು ಹಿಂದಿಯಲ್ಲಿ ಕೇಳಿದರು.

“ಎಂತ ಹೇಳುದ್ ಈಗ?” ನಾನು ಪಿಸುಗುಟ್ಟಿದೆ.

“ಸುಮ್ನಿರ್ ಮಾರಾಯ,” ಎಂದ ರಾಘು ತನ್ನ ಮುಂಬೈ ಹೋಟೆಲಿನ ಹಿಂದಿಯಲ್ಲಿ, ಮಂಡಿನೋವಿನ ಔಷಧಿ ಎಂದುಬಿಟ್ಟ.

ಅಜ್ಜಿ ಕಾಲು ಚಾಚಿ, ಹಾಗಾದರೆ ಹಚ್ಚಿ ಎಂದರು.

“ಹಚ್ಚ್ ಈಗ!” ಸೀನ ನಗು ತಡೆದುಕೊಂಡ. ಮಗನ ಮದುವೆ ಇಲ್ಲೇ ಮುರಿದುಬಿತ್ತು ಅನ್ನಿಸಿತು ನನಗೆ. ಬೇರೆ ದಾರಿಯಿಲ್ಲದೆ ಬ್ಯಾಗಿನಿಂದ ಬಾಟಲಿ ತೆಗೆದೆ.

ಅಷ್ಟರಲ್ಲಿ ಹುಡುಗಿ ಬಂದು ಅದನ್ನು ಕಿತ್ತುಕೊಂಡು, ಒಮ್ಮೆ ಮೂಸಿದಳು. ಈ ಔಷಧಿ ಬೆಂಕಿಯಂತೆ ಉರಿಯುತ್ತದೆ, ನಿಮಗೆ ಬೇಡ ಎಂದು ಅಜ್ಜಿಯನ್ನು ಒಪ್ಪಿಸಿ, ಮುಚ್ಚಳ ಬಿಗಿದು, ಮುಂಬೈಗೆ ಮರಳಲು ಕಟ್ಟಿಟ್ಟಿದ್ದ ತನ್ನ ಚೀಲದೊಳಗೆ ತುರುಕಿದಳು. ಆಮೇಲೆ ನನ್ನ ಲೋಟಕ್ಕೆ ಮಜ್ಜಿಗೆ ಸುರಿಯುತ್ತಾ, ಮಗ ಕಲಿಸಿದ ನಮ್ಮ ಕುಂದಾಪ್ರ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

“ಮಾವ, ಇದ್ ನಾ ವಾಪಸ್ ಕೊಡುದಿಲ್ಲ.”