ಅಂಚು ಕತ್ತರಿಸದೆ ಉಳಿದ ಹದಿನಾಲ್ಕು ಪುಸ್ತಕ

ನನ್ನ ಗಂಡ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಬೆರಳ ಮೇಲೆ ಯಾವಾಗಲೂ ಒಣಗಿದ ಗೋಂದು. ಬೀದಿಯವರು ಗೋಂದಣ್ಣ ಎಂದೇ ಕರೆಯುತ್ತಿದ್ದರು. ಇವನ ಕೈ ಹಿಡಿದರೆ ಬಿಡಿಸಿಕೊಳ್ಳಲು ಒಂದು ಚೊಂಬು ನೀರು ಬೇಕು ಎಂದು ನಗುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು. ಅವರು ಹೋಗಿ ಎರಡು ತಿಂಗಳಾಯಿತು. ಅವರ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ತಪ್ಪೇ ಬರುತ್ತದೆ. ಬರಲಿ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಎದೆಮಟ್ಟದ ಗೋಡೆ. ಈಚೆ ನಾನು, ಸೂಜಿ, ದಾರ. ಆಚೆ ಅವರು, ಅವರಪ್ಪನ ಕಾಲದ ಕಟಿಂಗ್ ಮೆಷಿನ್. ನಾನು ಹಾಳೆ ಮಡಚಿ ಹೊಲಿದು ಕೊಡುತ್ತಿದ್ದೆ. ಅವರು ಬೆನ್ನಿಗೆ ಅಂಟು ಹಚ್ಚಿ, ಒಣಗಿದ ಮೇಲೆ ಮೂರು ಕಡೆ ಅಂಚು ಕತ್ತರಿಸಿ, ರಟ್ಟು ಕೂರಿಸುತ್ತಿದ್ದರು. ಮೆಷಿನ್ನಿನ ಮೇಲಿನ ಚಕ್ರ ತಿರುಗಿಸಿದರೆ ಪುಸ್ತಕ ಬಿಗಿಯಾಗುತ್ತದೆ. ಪಕ್ಕದ ಉದ್ದನೆಯ ಹಿಡಿಯನ್ನು ಎರಡೂ ಕೈಯಲ್ಲಿ ಎಳೆದರೆ ಅಲಗು ಇಳಿಯುತ್ತದೆ.

ಮದುವೆಯಾದ ಎರಡನೆಯ ವರ್ಷ ಅವರಿಗೆ ಜ್ವರ ಬಂತು. ಹನ್ನೆರಡು ತೆಳು ಪುಸ್ತಕ ಅದೇ ದಿನ ಕೊಡಬೇಕಿತ್ತು. ಯಾರೂ ಹೇಳದಿದ್ದರೂ ನಾನೇ ಮೆಷಿನ್ ಹತ್ತಿರ ಹೋದೆ. ಹನ್ನೆರಡನ್ನೂ ಒಟ್ಟಿಗೆ ತಿರುಗಾಮುರುಗಾ ಇಟ್ಟೆ. ಬೆನ್ನು ಒಳಗಡೆ ಇರಬೇಕು, ತೆರೆಯುವ ಕಡೆ ಅಲಗಿನ ಕೆಳಗೆ. ನಾನು ಬೆನ್ನನ್ನೇ ಅಲಗಿಗೆ ಕೊಟ್ಟೆ. ಒಂದೇ ಏಟಿಗೆ ನಾನೇ ಹಾಕಿದ ಹೊಲಿಗೆಯೆಲ್ಲ ಕೆಳಗೆ ಬಿತ್ತು. ಹನ್ನೆರಡೂ ಬಿಡಿ ಹಾಳೆಯಾದವು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಇವಳ ಕೈಗೆ ಕಣ್ಣಿಲ್ಲ" ಅಂದರು. ಅಷ್ಟೇ.

ಜ್ವರ ಇಳಿದ ಮೇಲೆ ಅವರು ನಾಲ್ಕು ದಿನ ಕೂತು ಒಂದೊಂದು ಹಾಳೆಗೂ ಅಂಟು ಹಚ್ಚಿ ಜೋಡಿಸಿದರು. ಹೋಗಲಿ ಬಿಡು, ನಾನೂ ಕಲಿಯುವಾಗ ಹೀಗೇ ಮಾಡಿದ್ದೆ ಅಂದರು. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ನಾನು ಮೆಷಿನ್ ಮುಟ್ಟಲಿಲ್ಲ. ಅಲಗು ಸಾಣೆಯಿಂದ ಬಂದಾಗಲೆಲ್ಲ, ಬಾರೇ, ಹೊಸ ಅಲಗು, ಬೆಣ್ಣೆ ಕತ್ತರಿಸಿದ ಹಾಗೆ ಹೋಗುತ್ತೆ, ಒಂದು ಸಲ ಎಳೆದು ನೋಡು ಎನ್ನುತ್ತಿದ್ದರು. ನನ್ನ ಕೈಗೆ ಕಣ್ಣಿಲ್ಲ ಎನ್ನುತ್ತಿದ್ದೆ. ಅತ್ತೆ ತೀರಿಕೊಂಡರು. ಅವರ ಸೀರೆಗಳನ್ನು ಕೊಟ್ಟುಬಿಟ್ಟೆ, ಮಂಚ ಕೊಟ್ಟುಬಿಟ್ಟೆ. ಆ ಮಾತನ್ನು ಇಟ್ಟುಕೊಂಡೆ. ಅದರಿಂದ ನನಗೆ ಅನುಕೂಲವೂ ಇತ್ತು. ಮುಟ್ಟದಿದ್ದರೆ ಕೆಡುವುದಿಲ್ಲ, ಕೆಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಭಯ ಅರ್ಧ, ಸುಖ ಅರ್ಧ. ಇದನ್ನು ಈಗ ಬರೆಯುತ್ತಿದ್ದೇನೆ. ಗಂಡ ಇದ್ದಾಗ ಹೇಳಲಿಲ್ಲ.

ಈ ವರ್ಷ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಡಾಕ್ಟರು ಎದೆ ನೋಡಿ, ಭಾರ ಎಳೆಯುವ ಕೆಲಸ ನಿಲ್ಲಿಸಿ, ನಾಳೆಯೇ ಬಂದು ಆಸ್ಪತ್ರೆಗೆ ಸೇರಿಕೊಳ್ಳಿ ಅಂದರು. ಅಂಗಡಿಯಲ್ಲಿ ಶಾಲೆಯ ಲೈಬ್ರರಿಯ ನಲವತ್ತು ಪುಸ್ತಕ ಅಂಟು ಒಣಗಿ ಕೂತಿದ್ದವು. ಶಾಲೆ ತೆರೆಯುವುದರೊಳಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಮನೆಗೆ ಬಂದು ಆ ರಾಶಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಂಚೊಂದು ಕತ್ತರಿಸಿಕೊಡ್ತೀಯಾ? ನಾನು ಪಕ್ಕದಲ್ಲೇ ಕೂತು ಹೇಳ್ತೀನಿ."

"ಗೊತ್ತಿದ್ದೂ ಯಾಕೆ ಕೇಳ್ತೀರಿ? ನನ್ನಿಂದ ಆಗಲ್ಲ."

"ಸರಿ ಬಿಡು. ಮುಗಿಸಿಬಿಟ್ಟೇ ಹೋಗ್ತೀನಿ."

ಮಾರನೆಯ ಬೆಳಿಗ್ಗೆ ಗೋಡೆಯ ಆಚೆಯಿಂದ ಅಲಗಿನ ಸದ್ದು ಬರುತ್ತಿತ್ತು. ನಾನು ಹೊಲಿಯುತ್ತಿದ್ದೆ. ಸದ್ದು ನಿಂತಿತು. ನೀರು ಕುಡಿಯುತ್ತಿರಬೇಕು ಅಂದುಕೊಂಡು ಇನ್ನೊಂದು ಪುಸ್ತಕಕ್ಕೆ ದಾರ ಪೋಣಿಸಿದೆ. ಎದ್ದು ನೋಡಿದಾಗ ಅವರು ಮೆಷಿನ್ನಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಇಪ್ಪತ್ತಾರು ಮುಗಿದಿದ್ದವು.

ಆ ಕೆಲಸದಿಂದಲೇ ಹೋದರು ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಮೂರು ವಾರದ ಮೇಲೆ ಪ್ರೆಸ್ಸಿನಣ್ಣ ಬಂದರು. ಪಕ್ಕದ ಬೀದಿಯಲ್ಲಿ ಅವರ ಪ್ರಿಂಟಿಂಗ್ ಪ್ರೆಸ್ಸು. ನನ್ನ ಗಂಡನ ಜೊತೆ ಚಿಕ್ಕಂದಿನಿಂದ ಬೆಳೆದವರು. ಮೆಷಿನ್ ಕೊಳ್ಳುವವರು ಇದ್ದಾರೆ, ಕೊಡುವುದಾದರೆ ಹೇಳು ಅಂದರು. ಉಳಿದ ಹದಿನಾಲ್ಕು ಪುಸ್ತಕವನ್ನೂ ತಮ್ಮ ಹುಡುಗರ ಹತ್ತಿರ ಕತ್ತರಿಸಿ ಕೊಡಿಸುತ್ತೇನೆ ಅಂದರು. ತೊಗೊಂಡು ಹೋಗಿ ಅಂದೆ. ನನಗೆ ಬರುವುದಿಲ್ಲ, ಒಮ್ಮೆ ಬೆನ್ನು ಕತ್ತರಿಸಿದವಳು ನಾನು ಎಂದೂ ಹೇಳಿದೆ.

ಅವರಿಗೆ ನಗು ಬಂತು. ಸತ್ತ ಮನೆಯೆಂದು ತಡೆದುಕೊಂಡರು.

"ಅವನೇನು ಕಮ್ಮಿಯಾ ತಾಯಿ? ಎರಡು ಸಲ ಬೆನ್ನು ಕತ್ತರಿಸಿದ್ದ. ನಿಮ್ಮತ್ತೆ ನನ್ನೆದುರಿಗೇ ಅಂದಿದ್ರು, ನಿನ್ನ ಕೈಗೆ ಕಣ್ಣಿಲ್ಲ ಕಣೋ ಅಂತ."

"ಅವರಿಗೂ ಅದೇ ಮಾತಾ?"

"ಅದೇ. ಇವನು, ಕಣ್ಣು ಮುಖದ ಮೇಲಿದೆಯಲ್ಲಮ್ಮ, ಅಷ್ಟು ಸಾಕು ಅಂದ. ಮೂರನೇ ಸಲಕ್ಕೆ ಸರಿಯಾಯ್ತು."

ಅಂದು ನನ್ನ ಗಂಡ ಸುಳ್ಳು ಹೇಳಿರಲಿಲ್ಲ. ಅದೇ ಬಾಯಿ, ಅದೇ ಮಾತು. ಅವರು ಅಲ್ಲೇ ಬಿಟ್ಟರು, ನಾನು ಇಪ್ಪತ್ತೆಂಟು ವರ್ಷ ಸಾಕಿದೆ. ಇಷ್ಟು ದಿನ ಮನಸ್ಸಿನಲ್ಲೇ ಅತ್ತೆಯನ್ನು ಬೈದುಕೊಂಡಿದ್ದೆ. ಅವರು ಸತ್ತು ಹದಿನೇಳು ವರ್ಷ. ಸತ್ತವರು ಬಂದು ಯಾರ ಕೈಯನ್ನೂ ಕಟ್ಟುವುದಿಲ್ಲ. ಕಟ್ಟಿಕೊಂಡವಳು ನಾನು.

ಪುಸ್ತಕ ಇಲ್ಲೇ ಇರಲಿ, ಮೆಷಿನ್ನೂ ಇರಲಿ ಅಂದೆ. ಪ್ರೆಸ್ಸಿನಣ್ಣ ನಾಳೆ ಬಂದು ನಿಲ್ಲಲಾ ಅಂದರು. ಬೇಡ ಅಂದೆ.

ಮಾರನೆಯ ದಿನ ಹತ್ತು ಗಂಟೆಗೆ ಶುರು ಮಾಡಿದೆ. ಎರಡೆರಡೇ ಪುಸ್ತಕ ಇಟ್ಟೆ. ಪ್ರತಿ ಸಲ ಬೆನ್ನನ್ನು ಹೆಬ್ಬೆರಳಿನಿಂದ ಸವರಿ ನೋಡಿದೆ. ಅವರು ಹಾಗೆ ಮಾಡುತ್ತಿದ್ದುದನ್ನು ಗೋಡೆಯ ಮೇಲಿಂದ ಸಾವಿರ ಸಲ ನೋಡಿದ್ದೆ. ಚಕ್ರ ತಿರುಗಿಸಿ ಹಿಡಿ ಎಳೆದೆ. ಅದು ಅರ್ಧಕ್ಕೆ ನಿಂತಿತು. ಕಾಲು ಊರಿ, ಮೈಯೆಲ್ಲ ಹಾಕಿ ಎಳೆದ ಮೇಲೆ ಇಳಿಯಿತು. ಬೆಣ್ಣೆ ಅನ್ನುತ್ತಿದ್ದರು. ಅದು ಬೆಣ್ಣೆಯಲ್ಲ. ಹಿಂದೆ ಎಳೆದದ್ದು ಒಂದೇ ಏಟು, ಅದೂ ತೆಳು ಪುಸ್ತಕಕ್ಕೆ; ಇಷ್ಟು ಭಾರ ಎಂದು ನನಗೆ ಗೊತ್ತೇ ಇರಲಿಲ್ಲ. ಹಿಡಿಯನ್ನು ಕೈಬಿಡದೆ ಅಲ್ಲೇ ನಿಂತು ಅತ್ತುಬಿಟ್ಟೆ.

ಇಪ್ಪತ್ತೊಂದು ಸಲ ಎಳೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಒಂದು ಪುಸ್ತಕದ ಅಂಚು ಸ್ವಲ್ಪ ವಾರೆಯಾಯಿತು.

ರಟ್ಟು ಕೂರಿಸಿ ಶಾಲೆಗೆ ಒಯ್ದಾಗ ಲೈಬ್ರರಿಯ ಮೇಡಂಗೆ ಆ ವಾರೆಯನ್ನು ನಾನೇ ತೋರಿಸಿದೆ. ಯಾರಿಗೂ ಕಾಣುವುದಿಲ್ಲ ಬಿಡಿ ಅಂದರು. ನನ್ನ ಗಂಡ ಕತ್ತರಿಸಿದ ಇಪ್ಪತ್ತಾರು, ನಾನು ಕತ್ತರಿಸಿದ ಹದಿನಾಲ್ಕು ಒಟ್ಟಿಗೆ ಕಪಾಟಿಗೆ ಹೋದವು. ಕಲಿತೆ ಎಂಬ ಖುಷಿ ನನಗಿಲ್ಲ. ಒಂದು ಬೆಳಗಿನ ಕೆಲಸ ಅದು. ಆ ಒಂದು ಬೆಳಗು ನಾನು ಅವರಿಗೆ ಕೊಡಬಹುದಿತ್ತು.